ಇದು ಶುರುವಾಗೋದು ಯಾವಾಗ?

ಯಾವ ಸಂಗೀತ ಇಷ್ಟ ಅಂತ ಯಾರಾದರೂ ಕೇಳಿದರೆ ಈಗೀಗ ತಕ್ಷಣ ಉತ್ತರ ಕೊಡುವುದಿಲ್ಲ. ಸ್ವಲ್ಪ ತಡೆಯುತ್ತೇನೆ. ರುದ್ರವೀಣೆ ಅಂದ ಕೂಡಲೇ ಮುಂದಿನ ಮಾತು ಏನು ಬರುತ್ತದೆ ಅಂತ ಗೊತ್ತು. ಒಬ್ಬರು "ಓ ವೀಣೆನಾ, ನಮ್ಮ ದೊಡ್ಡಮ್ಮ ನುಡಿಸ್ತಿದ್ರು" ಅನ್ನುತ್ತಾರೆ. ಇನ್ನೊಬ್ಬರು "ಅದು ಸಿನಿಮಾ ಹೆಸರಲ್ವಾ?" ಅನ್ನುತ್ತಾರೆ. ಅಲ್ಲ, ಇದು ಉತ್ತರದ ಕಡೆಯದು, ಬೀನ್ ಅಂತಲೂ ಕರೆಯುತ್ತಾರೆ, ಉದ್ದನೆಯ ಕೊಳವೆಯ ಕೆಳಗೆ ಎರಡು ದೊಡ್ಡ ಸೋರೆಬುರುಡೆ ಇರುತ್ತವೆ, ಇದು ಹಿಂದೂಸ್ತಾನಿಯ ಹಳೆಯ ಶೈಲಿಯಾದ ಧ್ರುಪದದ ವಾದ್ಯ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತದೆ. ಅವರದೇನೂ ತಪ್ಪಿಲ್ಲ. ಒಂದು ಪ್ರಶ್ನೆಗೆ ಒಂದು ಹೆಸರು ಸಾಕಿತ್ತು ಅವರಿಗೆ, ನಾನು ಒಂದು ವಾದ್ಯದ ಪರಿಚಯ ಮಾಡಿಕೊಡಲು ಹೊರಟಿರುತ್ತೇನೆ.

ನನ್ನನ್ನು ಕಾಡುವುದು ಇದಲ್ಲ. ಬೇರೆಯವರಿಗೆ ಹಿಡಿಸದಿದ್ದರೆ ನನಗೇನು, ಅನ್ನುವ ಪ್ರಶ್ನೆ. ರೆಕಾರ್ಡಿಂಗ್‌ಗಳು ಕೈಗೆ ಸಿಗುತ್ತವೆ. ಯಾರೂ ಕೇಳಬೇಡ ಅನ್ನುವುದಿಲ್ಲ. ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತರೆ ನನಗೆ ಬೇಕಾದದ್ದು ಪೂರ್ತಿ ಸಿಗುತ್ತದೆ. ಹಾಗಿದ್ದೂ ಒಂದು ಒಳ್ಳೆಯ ಜಾಗ ಬಂದಾಗ, ಒಂದು ತಂತಿ ನಿಧಾನವಾಗಿ ಮೇಲಿನ ಸ್ವರಕ್ಕೆ ಹತ್ತಿ ಅಲ್ಲೇ ಕರಗಿದಾಗ, ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಬೇಕು ಅನ್ನಿಸುತ್ತದೆ. ಪ್ರತಿ ಸಲವೂ ಹಾಗೆ ಅನ್ನಿಸುತ್ತದೆ. ಯಾಕೆ ಅಂತ ಯೋಚಿಸುತ್ತಾ ಬಂದಿದ್ದೇನೆ.

ಕಾರಿನಲ್ಲಿ ಯಮನ್

ನನ್ನ ತಂಗಿ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವಳು. ವರ್ಣ, ಕೀರ್ತನೆ ಅಂತ ಚೆನ್ನಾಗಿಯೇ ಹಾಡುತ್ತಿದ್ದಳು. ಒಮ್ಮೆ ರಾತ್ರಿ ಇಬ್ಬರೇ ಕಾರಿನಲ್ಲಿ ದೂರ ಹೋಗಬೇಕಿತ್ತು. ನಾನು ರುದ್ರವೀಣೆಯ ದೊಡ್ಡ ವಿದ್ವಾಂಸರಾದ ಜಿಯಾ ಮೊಹಿಯುದ್ದೀನ್ ಡಾಗರ್ ನುಡಿಸಿದ ಯಮನ್ ರಾಗ ಹಾಕಿದೆ, ನಮ್ಮ ಕಲ್ಯಾಣಿಗೆ ಉತ್ತರದ ಕಡೆ ಆ ಹೆಸರು. ಅವಳು ಏನೂ ಹೇಳದೆ ಕೇಳುತ್ತಿದ್ದಳು. ಷಡ್ಜ. ತುಂಬಾ ಹೊತ್ತು ಬರೀ ಷಡ್ಜ. ಆಮೇಲೆ ಕೆಳಗಿನ ನಿಷಾದ, ಮತ್ತೆ ಷಡ್ಜ. ಇನ್ನೂ ಕೆಳಗೆ ಇಳಿದು ಧೈವತದ ಹತ್ತಿರ ಹೋಗಿ ನಿಂತು, ಅವಸರವಿಲ್ಲದೆ ವಾಪಸ್ಸು. ನಾನು ಸ್ಟೀರಿಂಗ್ ಹಿಡಿದುಕೊಂಡು ಖುಷಿಯಲ್ಲಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವಳು ಕೇಳಿದಳು: "ಅಣ್ಣಾ, ಕಲ್ಯಾಣಿ ಅಂತ ಗೊತ್ತಾಯ್ತು. ಆದ್ರೆ ಇದು ಶುರುವಾಗೋದು ಯಾವಾಗ?"

ಅವಳು ಅಣಕಿಸಲಿಲ್ಲ. ನಿಜವಾಗಿಯೂ ಕಾಯುತ್ತಿದ್ದಳು. ವೈಣಿಕರು ಶ್ರುತಿ ಮಾಡಿಕೊಳ್ಳುತ್ತಿದ್ದಾರೆ, ಇನ್ನೇನು ಕೃತಿ ಬರುತ್ತದೆ ಅಂದುಕೊಂಡಿದ್ದಳು. ಅವಳ ಕಿವಿಗೆ ಅದು ಸರಿಯಾದ ಪ್ರಶ್ನೆಯೇ. ಕಛೇರಿಯಲ್ಲಿ ಕಲ್ಯಾಣಿ ಆಲಾಪನೆ ಶುರುವಾದರೆ ಒಂದೆರಡು ನಿಮಿಷದಲ್ಲಿ ರಾಗದ ಮುಖ ಪೂರ್ತಿ ಕಾಣುತ್ತದೆ, ಗಾಂಧಾರದಲ್ಲಿ ನಿಂತು ಮೇಲಿನ ಷಡ್ಜದ ಕಡೆ ಹೊರಟೂ ಆಗಿರುತ್ತದೆ. ಧ್ರುಪದದ ಆಲಾಪದಲ್ಲಿ ಆ ಗಾಂಧಾರಕ್ಕೇ ಕಾಯಬೇಕು. ಮಂದ್ರದಲ್ಲಿ ಒಂದೊಂದೇ ಸ್ವರಕ್ಕೆ ಜಾಗ ಮಾಡಿಕೊಡುತ್ತಾ, ಅದರ ಅಕ್ಕಪಕ್ಕ ಏನಿದೆ ಅಂತ ತಡವುತ್ತಾ, ಮೇಲೆ ಬರಲು ಅರ್ಧ ಗಂಟೆಯೂ ಹಿಡಿಯಬಹುದು. ಆಮೇಲೆ ಲಯ ಸೇರಿ ಜೋಡ್, ಅದು ಬಿಗಿಯಾಗುತ್ತಾ ಝಾಲಾ. ಅದೆಲ್ಲ ಆದ ಮೇಲೆ ಮೃದಂಗದಂಥ ಪಖಾವಜ್ ಬಂದು ತಾಳ ಶುರು. ಪಖಾವಜ್ ಬರುವ ಹೊತ್ತಿಗೆ ನನ್ನಂಥವರಿಗೆ ಬೇಕಾದದ್ದು ಬಹುಪಾಲು ಸಿಕ್ಕಿರುತ್ತದೆ.

ಅವಳ ಪ್ರಶ್ನೆಯ ಬಗ್ಗೆ ಯೋಚಿಸುತ್ತಾ ಇನ್ನೊಂದು ವಿಷಯ ಹೊಳೆಯಿತು. ನಮ್ಮಿಬ್ಬರಿಗೂ ಆವತ್ತು ಕೇಳಿಸಿದ್ದು ಒಂದೇ ಸಂಗೀತವಲ್ಲ. ರುದ್ರವೀಣೆಯ ಪ್ರಾಣ ಇರುವುದು ಕೆಳಗಿನ ತಂತಿಗಳಲ್ಲಿ. ಅತಿಮಂದ್ರದ ಆ ನಾದ 100 ಹರ್ಟ್ಜ್‌ಗಿಂತ ಕೆಳಗೆ ಇಳಿಯುತ್ತದೆ. ಓಡುವ ಕಾರಿನ ಟೈರು, ಎಂಜಿನ್ ಸದ್ದು ಮಾಡುವುದೂ ಅಲ್ಲೇ, ಆ ತಗ್ಗಿನಲ್ಲೇ. ಫೋನಿನ ಸ್ಪೀಕರ್ ಇನ್ನೂ ಕಷ್ಟ. ಅಷ್ಟು ಚಿಕ್ಕ ಸ್ಪೀಕರ್‌ಗೆ ಆ ತಗ್ಗಿನ ಸದ್ದನ್ನು ಎಬ್ಬಿಸುವ ಶಕ್ತಿಯೇ ಇರುವುದಿಲ್ಲ. ಆದರೂ ಸ್ವರ ಯಾವುದು ಅಂತ ತಿಳಿಯುತ್ತದೆ, ಯಾಕೆಂದರೆ ಮೂಲ ನಾದ ಕೇಳಿಸದಿದ್ದರೂ ಅದರ ಜೊತೆಯಲ್ಲಿ ಹುಟ್ಟುವ ಮೇಲಿನ ಸ್ವರಗಳಿಂದ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ತಂಗಿ ಕಲ್ಯಾಣಿ ಅಂತ ಗುರುತಿಸಿದ್ದು ಹಾಗೆ. ಅವಳಿಗೆ ರಾಗ ಸಿಕ್ಕಿತು, ನಾದ ಸಿಗಲಿಲ್ಲ. ನನಗೆ ಆ ರೆಕಾರ್ಡಿಂಗ್ ಮೊದಲೇ ಬಾಯಿಪಾಠ, ಹಾಗಾಗಿ ಇಲ್ಲದ್ದನ್ನೂ ನಾನು ತುಂಬಿಕೊಂಡು ಕೇಳುತ್ತಿದ್ದೆ. ಅವಳಿಗೆ ಸಿಕ್ಕಿದ್ದು ಆಗಾಗ ಟಿಣ್ ಅನ್ನುವ ಒಂದು ಮೀಟು ಮತ್ತು ನಡುವೆ ಉದ್ದುದ್ದ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಎಲ್ಲ ನಡೆಯುತ್ತಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಕಡಿಮೆ ಜನ ಕೇಳುವ ಸಂಗೀತವನ್ನು ಇಷ್ಟಪಡುವವರು ಸುಲಭವಾಗಿ ಒಂದು ಮಾತು ಆಡುತ್ತಾರೆ: ಜನರಿಗೆ ರುಚಿ ಇಲ್ಲ, ತಾಳ್ಮೆ ಇಲ್ಲ, ಎಲ್ಲರಿಗೂ ಅರ್ಧ ನಿಮಿಷದ್ದೇ ಬೇಕು. ನನಗೆ ಈ ಮಾತು ಕೇಳಿದರೆ ಬೇಸರವಾಗುತ್ತದೆ. ಇದೇ ಜನ ರಾತ್ರಿಯಿಡೀ ಕೂತು ಯಕ್ಷಗಾನ ನೋಡುತ್ತಾರೆ. ಐದು ದಿನದ ಟೆಸ್ಟ್ ಮ್ಯಾಚನ್ನು ಒಂದೊಂದು ಓವರ್ ಬಿಡದೆ ನೋಡುತ್ತಾರೆ. ತಾಳ್ಮೆ ಬೇಕಾದಷ್ಟಿದೆ. ಏನಕ್ಕೆ ಕಾಯಬೇಕು ಅಂತ ಗೊತ್ತಿದ್ದರೆ ಮನುಷ್ಯ ಎಷ್ಟು ಹೊತ್ತು ಬೇಕಾದರೂ ಕಾಯುತ್ತಾನೆ. ಧ್ರುಪದದಲ್ಲಿ ಏನಕ್ಕೆ ಕಾಯಬೇಕು ಅಂತ ಹೇಳಿಕೊಡುವವರು ನಮ್ಮ ಸುತ್ತ ಇಲ್ಲ, ಅಷ್ಟೇ.

ಕೇಳುವವರು ಕಡಿಮೆಯಾದದ್ದು ಹೇಗೆ

ಈ ವಾದ್ಯ ಮೂಲೆಗೆ ಸರಿದ ಕತೆಯಲ್ಲಿ ನನಗೆ ಯಾವಾಗಲೂ ಆಶ್ಚರ್ಯ ಹುಟ್ಟಿಸುವುದು ಸದಾರಂಗ್. ಈಗ ಹೆಚ್ಚು ಜನ ಹಾಡುವ ಹಿಂದೂಸ್ತಾನಿ ಶೈಲಿಯಾದ ಖಯಾಲ್ ಕೇಳುವ ಎಲ್ಲರಿಗೂ ಆ ಹೆಸರು ಗೊತ್ತು, ಬಂದಿಶ್‌ಗಳ ಒಳಗೇ ಅವರ ಅಂಕಿತ ಕೂತಿರುತ್ತದೆ. ಅವರ ನಿಜವಾದ ಹೆಸರು ನಿಯಾಮತ್ ಖಾನ್. 1719ರಿಂದ 1748ರವರೆಗೆ ದಿಲ್ಲಿಯನ್ನಾಳಿದ ಮುಹಮ್ಮದ್ ಶಾ ದರ್ಬಾರಿನ ಬೀನ್‌ಕಾರ ಅವರು. ರುದ್ರವೀಣೆ ನುಡಿಸುವವರು! ಅವರು ಕಟ್ಟಿದ ಖಯಾಲ್‌ಗಳನ್ನು ಹೊರಗಿನ ಶಿಷ್ಯರಿಗೆ ಕಲಿಸಿದರು, ಮನೆಯವರಿಗೆ ಮಾತ್ರ ಧ್ರುಪದ ಮತ್ತು ಬೀನ್ ಉಳಿಸಿಕೊಂಡರು ಅಂತ ಹೇಳುವ ರೂಢಿ ಇದೆ. ಹೊರಗೆ ಹೋದದ್ದು ಬೆಳೆಯಿತು, ಧಾರವಾಡದವರೆಗೂ ಬಂದು ಇಲ್ಲಿ ದೊಡ್ಡ ದೊಡ್ಡ ಗಾಯಕರನ್ನು ಕೊಟ್ಟಿತು. ಮನೆಯೊಳಗೆ ಇಟ್ಟುಕೊಂಡದ್ದು ಮನೆಯೊಳಗೇ ಉಳಿಯಿತು. ಬೀನನ್ನು ಕುಟುಂಬದ ಹೊರಗೆ ಕಲಿಸಬಾರದು ಅನ್ನುವ ಕಟ್ಟು ತುಂಬಾ ಕಾಲ ಇತ್ತು. ಶಿಷ್ಯರಿಗೆ ಸಿತಾರ್ ಕೊಡುತ್ತಿದ್ದರು, ಇಲ್ಲವೇ ಅದರದೇ ದೊಡ್ಡ, ತಗ್ಗು ನಾದದ ರೂಪವಾದ ಸುರ್‌ಬಹಾರ್. ಅಂದರೆ ಕೇಳುಗರು ಕೈಬಿಡುವ ಎಷ್ಟೋ ಮೊದಲೇ ಈ ವಾದ್ಯ ತನ್ನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿತ್ತು.

ಆಮೇಲೆ ಸಂಸ್ಥಾನಗಳು ಹೋದವು. ಬೀನ್‌ಕಾರರಿಗೆ ಸಾವಿರ ಜನ ಕೇಳುಗರು ಯಾವತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಬ್ಬ ಮಹಾರಾಜ, ಸುತ್ತ ಬಲ್ಲ ನಾಲ್ಕು ಜನ ಇದ್ದರೆ ಸಾಕಿತ್ತು. ಜಿಯಾ ಮೊಹಿಯುದ್ದೀನ್ ಡಾಗರ್ 1929ರಲ್ಲಿ ಹುಟ್ಟಿದ್ದು ಉದಯಪುರದಲ್ಲಿ, ಅವರ ತಂದೆ ಜಿಯಾಉದ್ದೀನ್ ಡಾಗರ್ ಅಲ್ಲಿನ ಆಸ್ಥಾನ ವಿದ್ವಾಂಸರು. ಮಗನ ಕಾಲಕ್ಕೆ ಆಸ್ಥಾನವೇ ಇರಲಿಲ್ಲ. ಅವರು ಮುಂಬಯಿಗೆ ಬಂದರು. ರಾಜನ ಕೋಣೆಗೆ ಅಂತ ಮಾಡಿದ ಸಂಗೀತವನ್ನು ಟಿಕೆಟ್ ಕೊಂಡು ಬರುವವರ ಮುಂದೆ ಇಡಬೇಕಾಯಿತು. ಆಗ ಅವರು ಮಾಡಿದ್ದನ್ನು ನೆನೆದರೆ ನನಗೆ ಮೈ ಜುಮ್ ಅನ್ನುತ್ತದೆ. ಜನಕ್ಕೆ ಹಿಡಿಸಲಿ ಅಂತ ವೇಗ ಹೆಚ್ಚಿಸಬಹುದಿತ್ತು. ಅವರು ಇನ್ನೂ ನಿಧಾನ ಮಾಡಿದರು. ಕೋಲ್ಕತ್ತದ ವಾದ್ಯ ತಯಾರಕ ಕನಾಯಿಲಾಲ್ ಅವರಲ್ಲಿ ದೊಡ್ಡ ಬುರುಡೆಗಳ, ದಪ್ಪ ದಂಡಿಯ ವೀಣೆ ಮಾಡಿಸಿದರು. ಬೆರಳಿಗೆ ಹಾಕಿಕೊಳ್ಳುವ ತಂತಿಯ ಮೀಟು, ಅಂದರೆ ಮಿಜ್ರಾಬ್ ಬಿಟ್ಟು ಬರಿ ಬೆರಳಿನಲ್ಲಿ ಮೀಟಿದರು. ಹಳೆಯ ಕ್ರಮದಂತೆ ಬುರುಡೆಯನ್ನು ಎಡ ಹೆಗಲ ಮೇಲೆ ಹೊತ್ತುಕೊಳ್ಳದೆ, ಹೆಚ್ಚುಕಡಿಮೆ ನಮ್ಮ ವೈಣಿಕರ ಹಾಗೆ ಕೂತು ನುಡಿಸಿದರು. ನಾದ ಇನ್ನಷ್ಟು ತಗ್ಗಿತು, ಇನ್ನಷ್ಟು ಹೊತ್ತು ಉಳಿಯಿತು.

ಅದೇ ಕಾಲದಲ್ಲಿ ದಿಲ್ಲಿಯಲ್ಲಿ ಇನ್ನೊಬ್ಬ ಬೀನ್‌ಕಾರ ಅಸದ್ ಅಲಿ ಖಾನ್ ಇದ್ದರು. ಅವರದು ಬೇರೆ ದಾರಿ, ಧ್ರುಪದದೊಳಗಿನ ಖಂಡಾರ್ ಬಾನಿ ಅನ್ನುವ ಶೈಲಿ. ವಜ್ರಾಸನದಲ್ಲಿ ನೆಟ್ಟಗೆ ಕೂತು, ಬುರುಡೆಯನ್ನು ಹೆಗಲಿಗೇರಿಸಿ, ಮಿಜ್ರಾಬ್ ಹಾಕಿ ಖಡಕ್ಕಾಗಿ ಮೀಟುತ್ತಿದ್ದರು. ಹಿಂದಿನವರು ಕೊಟ್ಟದ್ದನ್ನು ಬದಲಿಸಬಾರದು ಅನ್ನುವ ಹಟ ಅವರ ನುಡಿಸಾಣಿಕೆಯಲ್ಲೇ ಕೇಳುತ್ತದೆ. ಇಬ್ಬರಲ್ಲಿ ಯಾರು ಹೆಚ್ಚು ಅಂತ ಹಟ ಹಿಡಿದು ಜಗಳವಾಡುವವರು ಈಗಲೂ ಇದ್ದಾರೆ. ಇಷ್ಟು ಕಡಿಮೆ ಜನ ಇರುವ ಕಡೆಯೂ ಎರಡು ಪಕ್ಷ ಇರುವುದು ನನಗೆ ಖುಷಿಯ ವಿಷಯವೇ, ಜೀವ ಇರುವ ಸಂಗೀತಕ್ಕೆ ಮಾತ್ರ ಜಗಳ ಇರುತ್ತದೆ. ನನ್ನ ಮನಸ್ಸು ಡಾಗರರ ಕಡೆಗೆ ವಾಲುತ್ತದೆ. ಆದರೆ ಅಸದ್ ಅಲಿ ಖಾನರ ಜೋಡ್ ಕೇಳಿದ ದಿನ ಹಾಗೆ ಹೇಳಲು ಧೈರ್ಯ ಬರುವುದಿಲ್ಲ.

ಫ್ಯಾನ್ ನಿಲ್ಲಿಸಿದ ಮೇಲೆ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಭಾಂಗಣದಲ್ಲಿ ಬೀನ್ ಕಛೇರಿ ಇತ್ತು. ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಕಲಾವಿದರು ಬಂದು ಕೂತು ಶ್ರುತಿ ಮಾಡಿಕೊಳ್ಳಲು ಶುರುಮಾಡಿದರು. ಅದೇ ಒಂದು ದೊಡ್ಡ ಕೆಲಸ. ತಂತಿಗಳನ್ನು ಹೊತ್ತಿರುವ ಕುದುರೆಯ ಮೇಲ್ಮೈಗೆ ಒಂದು ಸಣ್ಣ ಉಬ್ಬು ಕೊಟ್ಟಿರುತ್ತಾರೆ, ತಂತಿ ಅದನ್ನು ಸವರಿಕೊಂಡೇ ಕಂಪಿಸಬೇಕು, ಅಲ್ಲಿಂದಲೇ ಆ ಝೇಂಕಾರ ಬರುವುದು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ತಂತಿ ಸತ್ತ ಹಾಗೆ ಕೇಳುತ್ತದೆ. ಅವರು ಒಂದು ತಂತಿಯನ್ನು ಮೀಟಿ, ತಲೆ ಬಾಗಿಸಿ ಕೇಳಿ, ಬಿರಡೆ ತಿರುಗಿಸಿ, ಮತ್ತೆ ಮೀಟಿ, ಹೀಗೆ ಎಷ್ಟೋ ಹೊತ್ತು ಮಾಡಿದರು. ಆಮೇಲೆ ಮೇಲೆ ನೋಡಿ ಫ್ಯಾನ್ ನಿಲ್ಲಿಸಲು ಹೇಳಿದರು. ಸೆಕೆ ಇತ್ತು. ಒಂದಿಬ್ಬರು ಎದ್ದು ಹೋದರು. ಒಂದೊಂದೇ ಫ್ಯಾನ್ ನಿಧಾನವಾಗುತ್ತಾ ನಿಂತಿತು. ಕೊನೆಯದು ನಿಂತಾಗ, ಅಲ್ಲಿಯವರೆಗೆ ಕೇಳಿಸದೇ ಇದ್ದ ತಾನ್‌ಪುರ ಇದ್ದಕ್ಕಿದ್ದಂತೆ ಕೋಣೆಯ ತುಂಬ ಬಂತು.

ದರ್ಬಾರಿ ರಾಗ ಶುರುಮಾಡಿದರು. ದರ್ಬಾರಿಯ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತದೆ. ಹಾಡುವವರು ಅದನ್ನು ಉಸಿರಿನಲ್ಲಿ ತೂಗಿಸುತ್ತಾರೆ. ಬೀನ್‌ಕಾರರು ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ತೂಗಿಸಬೇಕು, ಅದೂ ಒಂದೇ ಮೀಟಿನಲ್ಲಿ. ಒಮ್ಮೆ ಮೀಟಿದ ಮೇಲೆ ನಾದ ಕ್ಷಣಕ್ಷಣಕ್ಕೂ ಸಣ್ಣಗಾಗುತ್ತಿರುತ್ತದೆ, ಅಷ್ಟರೊಳಗೆ ಗಾಂಧಾರ ಮುಗಿಸಿಕೊಂಡು ರಿಷಭಕ್ಕೆ ಇಳಿಯಬೇಕು. ನಾನು ಅವರ ಎಡಗೈಯನ್ನೇ ನೋಡುತ್ತಿದ್ದೆ. ಬೆರಳು ತಂತಿಯನ್ನು ಎಳೆದು, ಸಡಿಲಿಸಿ, ಮತ್ತೆ ಎಳೆಯಿತು. ಮೂರನೆಯ ತೂಗಿನ ಹೊತ್ತಿಗೆ ಸದ್ದು ಇತ್ತೋ ಇಲ್ಲವೋ ಹೇಳಲಾರೆ. ಬೆರಳು ಮಾತ್ರ ಇನ್ನೂ ಚಲಿಸುತ್ತಿತ್ತು, ಮತ್ತು ನನಗೆ ಸ್ವರ ಕೇಳುತ್ತಲೇ ಇತ್ತು.

ಆಲಾಪ ಮುಗಿದು ಪಖಾವಜ್‌ಗೆ ಶ್ರುತಿ ಹೊಂದಿಸುತ್ತಿದ್ದಾಗ, ಒಂದು ಕುರ್ಚಿ ಬಿಟ್ಟು ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ನಾವು ಒಂದು ಮಾತೂ ಆಡಿರಲಿಲ್ಲ. "ಆ ಗಾಂಧಾರ ನಿಂತ್ ಮೇಲೂ ಕೇಳಿಸ್ತಿತ್ತಲ್ರೀ, ನಿಮಗೂ ಕೇಳಿಸ್ತಾ?" ಅಂದರು. "ಹೌದು ಸರ್, ಕೇಳಿಸ್ತು" ಅಂದೆ. ಅವರು ತಲೆದೂಗಿ ಮತ್ತೆ ವೇದಿಕೆಯ ಕಡೆ ತಿರುಗಿದರು.

ಅಷ್ಟೇ ಮಾತು. ಹೆಸರು ಕೇಳಲಿಲ್ಲ, ನಂಬರ್ ತೆಗೆದುಕೊಳ್ಳಲಿಲ್ಲ. ಆದರೆ ಆವತ್ತು ಸಿಕ್ಕ ಸಮಾಧಾನ ದೊಡ್ಡದು. ನಾನು ಬಯಸುತ್ತಿದ್ದದ್ದು ನನ್ನ ಇಷ್ಟಕ್ಕೆ ಒಪ್ಪಿಗೆಯನ್ನಲ್ಲ, ಒಳ್ಳೆಯ ಅಭಿರುಚಿ ಅನ್ನುವ ಹೊಗಳಿಕೆಯನ್ನೂ ಅಲ್ಲ. ಸದ್ದು ಮುಗಿದ ಮೇಲೂ ಸ್ವರ ಕೇಳಿಸಿತು ಅನ್ನುವುದನ್ನು ಒಬ್ಬನೇ ಅನುಭವಿಸಿದರೆ ಅದು ನಿಜವಾಗಿ ಅಲ್ಲಿತ್ತಾ ಅಥವಾ ನನ್ನ ತಲೆಯೊಳಗೆ ಮಾತ್ರ ಇತ್ತಾ ಅನ್ನುವ ಒಂದು ಅನುಮಾನ ಉಳಿದೇ ಇರುತ್ತದೆ. ಇನ್ನೊಬ್ಬರು ಅದೇ ಜಾಗವನ್ನು ಬೆರಳಿಟ್ಟು ತೋರಿಸಿದರೆ ಆ ಅನುಮಾನ ಹೋಗುತ್ತದೆ. ಇದಕ್ಕೆ ಸಾವಿರ ಜನ ಬೇಕಿಲ್ಲ. ಒಬ್ಬರು ಸಾಕು. ಆದರೆ ಆ ಒಬ್ಬರು ಬೇಕೇ ಬೇಕು.

ಇಲ್ಲಿ ಅನ್ನಪೂರ್ಣಾ ದೇವಿ ನೆನಪಾಗುತ್ತಾರೆ. ಸುರ್‌ಬಹಾರ್‌ನಲ್ಲಿ ಅಷ್ಟು ದೊಡ್ಡ ವಿದ್ವತ್ತು ಇದ್ದವರು, ಚಿಕ್ಕ ವಯಸ್ಸಿನಲ್ಲೇ ವೇದಿಕೆ ಬಿಟ್ಟು, 2018ರಲ್ಲಿ ತೀರಿಕೊಳ್ಳುವವರೆಗೂ ಮುಂಬಯಿಯ ಮನೆಯಲ್ಲೇ ಉಳಿದರು. ಅವರ ನುಡಿಸಾಣಿಕೆ ಅಂತ ಕೈಗೆ ಸಿಗುವುದು ಕೆಲವೇ ಕೆಲವು ಹಳೆಯ ತುಣುಕುಗಳು. ಕೇಳುಗರೇ ಬೇಡ ಅಂತ ಬದುಕಿದವರು ಅನ್ನಿಸಬಹುದು. ಆದರೆ ಅವರೂ ಕಲಿಸುವುದನ್ನು ಬಿಡಲಿಲ್ಲ. ಕೊಳಲಿನ ಹರಿಪ್ರಸಾದ್ ಚೌರಾಸಿಯಾ, ಸಿತಾರಿನ ನಿಖಿಲ್ ಬ್ಯಾನರ್ಜಿ ಎಲ್ಲ ಅವರ ಹತ್ತಿರ ಕಲಿತವರು. ಶಿಷ್ಯ ಅಂದರೆ ಎದುರಿಗೆ ಕೂತ ಒಬ್ಬ ಕೇಳುಗನೇ ಅಲ್ವಾ?

ನಿದ್ದೆಯ ಪಟ್ಟಿಯಲ್ಲಿ

ಹಾಡು ಕೇಳುವ ಆ್ಯಪ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ರುದ್ರವೀಣೆ ಕೇಳಿದ ಮೇಲೆ ಅದು ನನಗೆ ಮುಂದೆ ಕೊಡುವುದು ಏನು ಗೊತ್ತಾ? ಮಳೆ ಸದ್ದು, ಕೊಳಲಿನ ಜೊತೆ ಹಕ್ಕಿಗಳ ಸದ್ದು, ಗಾಢ ನಿದ್ದೆಗೆ, ಒತ್ತಡ ನಿವಾರಣೆಗೆ ಅನ್ನುವ ಪಟ್ಟಿಗಳು. ನಿಧಾನ ಇದ್ದದ್ದೆಲ್ಲ ಮಲಗಿಸಲು ಅಂತ ಅದು ತಿಳಿದುಕೊಂಡಿದೆ. ಮಲಗಲು ಸಂಗೀತ ಬೇಕಾದವರು ಕೇಳಲಿ, ಒಳ್ಳೆಯದೇ. ಆದರೆ ಧ್ರುಪದದ ಆಲಾಪಕ್ಕೆ ನಿದ್ದೆಯ ಜೊತೆ ಯಾವ ಸಂಬಂಧವೂ ಇಲ್ಲ. ಅದು ಇಡೀ ಮನಸ್ಸನ್ನು ಎಚ್ಚರದಲ್ಲಿ ಕೂರಿಸುವ ಸಂಗೀತ. ಒಂದು ನಿಷಾದ ಸ್ವಲ್ಪವೇ ಸ್ವಲ್ಪ ಏರಿದ್ದನ್ನು ಗಮನಿಸದಿದ್ದರೆ ಆಮೇಲೆ ಷಡ್ಜ ಬಂದಾಗ ಅದರ ಬೆಲೆ ತಿಳಿಯುವುದಿಲ್ಲ. ನಿರ್ಲಕ್ಷ್ಯಕ್ಕಿಂತ ಈ ತಪ್ಪು ಪರಿಚಯ ನನಗೆ ಜಾಸ್ತಿ ನೋವು ಕೊಡುತ್ತದೆ. ಗೊತ್ತಿಲ್ಲದವರಿಗೆ ನಾಳೆ ಗೊತ್ತಾಗಬಹುದು. ಇದು ನಿದ್ದೆಗೆ ಅಂತ ಒಮ್ಮೆ ತಲೆಯಲ್ಲಿ ಕೂತರೆ ಬಿಡಿಸುವುದು ಕಷ್ಟ.

ಕಡಿಮೆ ಜನ ಕೇಳುವುದರಲ್ಲಿ ಒಂದು ಸುಖ ಇದೆ, ಇದು ನಮ್ಮದು ಅನ್ನುವ ಸುಖ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಡಿಮೆ ಅನ್ನುವುದು ಸುಮ್ನೆ ಒಂದು ಸಂಖ್ಯೆಯಲ್ಲ. ಕೇಳುವವರು ಇಲ್ಲದಿದ್ದರೆ ಕಛೇರಿ ಇಲ್ಲ, ಕಛೇರಿ ಇಲ್ಲದಿದ್ದರೆ ಕಲಿಯಲು ಬರುವವರಿಲ್ಲ, ಕಲಿಯುವವರಿಲ್ಲದಿದ್ದರೆ ವೀಣೆ ಮಾಡುವವರಿಗೆ ಕೆಲಸವಿಲ್ಲ. ಇಷ್ಟು ದೊಡ್ಡ ಸೋರೆಕಾಯಿ ಬೆಳೆದು ಒಣಗಿಸುವವರು, ಕುದುರೆಯ ಮೇಲ್ಮೈ ತಿದ್ದುವ ಕೈ, ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವವರು, ಇವರೆಲ್ಲ ಕೊನೆಗೆ ನಿಂತಿರುವುದು ಖಾಲಿ ಕುರ್ಚಿಗಳ ಮಧ್ಯೆ ಕೂತ ಆ ಕೆಲವು ಜನರ ಮೇಲೆ. ಒಮ್ಮೆ ಇದು ನಿಂತೇಹೋಗುವ ಹಾಗೆ ಕಂಡಿತ್ತು. 1964ರಲ್ಲಿ ಇದೇ ಮನೆತನದ ಗಾಯಕರಾದ ಹಿರಿಯ ಡಾಗರ್ ಸಹೋದರರು ಯುರೋಪಿಗೆ ಹೋಗಿ ಹಾಡಿದರು, ಅಲ್ಲಿಯ ಜನ ಕಿವಿಗೊಟ್ಟರು. 1981ರಲ್ಲಿ ಭೋಪಾಲದಲ್ಲಿ ಧ್ರುಪದ ಕೇಂದ್ರ ಶುರುವಾಯಿತು, ಜಿಯಾ ಮೊಹಿಯುದ್ದೀನರ ತಮ್ಮ, ಗಾಯಕ ಜಿಯಾ ಫರೀದುದ್ದೀನ್ ಡಾಗರ್ ಕುಟುಂಬದ ಹೊರಗಿನ ಹುಡುಗರನ್ನು ಕೂರಿಸಿಕೊಂಡು ಕಲಿಸಿದರು. ಪನ್ವೇಲ್ ಹತ್ತಿರದ ಪಳಸ್ಪೆಯಲ್ಲಿ ಅಣ್ಣ ತಮ್ಮ ಇಬ್ಬರೂ ಗುರುಕುಲ ನಡೆಸಿದರು. ತಲೆಮಾರುಗಳ ಕಾಲ ಒಳಗಿನಿಂದ ಹಾಕಿದ್ದ ಬಾಗಿಲನ್ನು ಅವರೇ ತೆಗೆದರು. 1990ರಲ್ಲಿ ಜಿಯಾ ಮೊಹಿಯುದ್ದೀನ್ ಡಾಗರ್ ಹೋದರು, 2011ರಲ್ಲಿ ಅಸದ್ ಅಲಿ ಖಾನ್. ಈಗ ಮೊಹಿಯುದ್ದೀನರ ಮಗ ಬಹಾಉದ್ದೀನ್ ಡಾಗರ್ ನುಡಿಸುತ್ತಿದ್ದಾರೆ, ಕಲಿಸುತ್ತಿದ್ದಾರೆ. ಅವರ ಕಛೇರಿ ನಿಮಗೆ ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ಹೋಗಿ. ಪಖಾವಜ್ ಬರುವ ತನಕ ಎದ್ದು ಬರಬೇಡಿ.

ಹೋಗಲು ಆಗದಿದ್ದರೆ ಮನೆಯಲ್ಲೇ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಕಾರಿನಲ್ಲಿ ಬೇಡ. ಒಳ್ಳೆಯ ಹೆಡ್‌ಫೋನ್ ಹಾಕಿ, ರಾತ್ರಿ, ಫ್ಯಾನ್ ನಿಲ್ಲಿಸಿ. ಹಿಂದೋಳ ಗೊತ್ತಿದ್ದವರು ಮಾಲ್‌ಕೌಂಸ್ ಹುಡುಕಿ. ಶುಭಪಂತುವರಾಳಿ ಇಷ್ಟ ಇದ್ದವರು ತೋಡಿ ಹುಡುಕಿ. ಆಲಾಪ ತೀರಾ ಉದ್ದ ಅನ್ನಿಸಿದರೆ ಮೊದಲು ಜೋಡ್ ಕೇಳಿ, ಅಲ್ಲಿ ಲಯ ಇರುತ್ತದೆ, ಕಿವಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಒಗ್ಗಿದ ಮೇಲೆ ಹಿಂದಕ್ಕೆ ಹೋಗಿ ಆಲಾಪಕ್ಕೆ ಕೂರಿ. ಹಿಡಿಸದಿದ್ದರೆ ನಿಲ್ಲಿಸಿ, ನಿಮ್ಮ ಬಗ್ಗೆ ನನಗೆ ಬೇರೆ ಅಭಿಪ್ರಾಯವೇನೂ ಬರುವುದಿಲ್ಲ. ಹಿಡಿಸಿದರೆ ಮಾತ್ರ ಚೆನ್ನಾಗಿತ್ತು ಅಂತ ಹೇಳಿ ಸುಮ್ಮನಾಗಬೇಡಿ. ಯಾವ ನಿಮಿಷದಲ್ಲಿ, ಯಾವ ಸ್ವರದ ಹತ್ತಿರ ಅಂತ ಬರೆದು ತಿಳಿಸಿ. ನಾನೂ ಅದೇ ರೆಕಾರ್ಡಿಂಗ್ ಹಾಕಿಕೊಂಡು ಆ ಜಾಗಕ್ಕೆ ಹೋಗಿ ಕೇಳುತ್ತೇನೆ.